ಕಡಲತೀರದ ರೆಸಾರ್ಟಿನಲ್ಲಿ ನಾಲ್ಕು ದಿನ: ಗೋಕರ್ಣದಿಂದ ಮುರುಡೇಶ್ವರದವರೆಗೆ ನೋಡುವುದೇನು, ಮಾಡುವುದೇನು?

ಪ್ರಶ್ನೆ: ನಾವು ದಾವಣಗೆರೆಯವರು. ಜನವರಿಯಲ್ಲಿ ಗೋಕರ್ಣದ ಹತ್ತಿರ ಸಮುದ್ರದ ದಂಡೆಯಲ್ಲೇ ಇರುವ ರೆಸಾರ್ಟ್ ಒಂದರಲ್ಲಿ ನಾಲ್ಕು ರಾತ್ರಿಗೆ ಕೋಣೆ ಕಾಯ್ದಿರಿಸಿದ್ದೇವೆ. ಹಿಂದಿನ ಸಲ ಹೀಗೇ ಹೋದಾಗ ಈಜುಕೊಳ, ಊಟ, ನಿದ್ದೆಯಲ್ಲೇ ದಿನಗಳು ಮುಗಿದುಹೋದವು. ಮಗಳಿಗೆ 11 ವರ್ಷ, ಅವಳಿಗೆ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡುವಾಸೆ. ಅತ್ತೆಯವರಿಗೆ 68, ಮೊಣಕಾಲು ನೋವಿದೆ. ನಾವು ಅಲ್ಲಿರುವಾಗಲೇ ಅಮಾವಾಸ್ಯೆ ಬರುತ್ತದೆ. ಆ ದಿನ ಸಮುದ್ರದ ಹತ್ತಿರ ಹೋಗಬಾರದೆಂದು ಅತ್ತೆ ಹೇಳುತ್ತಿದ್ದಾರೆ. ಎಲ್ಲರಿಗೂ ಹೊಂದುವಂತೆ ಏನೇನು ನೋಡಬಹುದು, ಮಾಡಬಹುದು? ಮಗಳದ್ದೂ ಒಂದು ಪ್ರಶ್ನೆಯಿದೆ: ಹೋದ ಸಲ ಒದ್ದೆ ಮರಳಿನ ಮೇಲೆ ಸಾಬೂದಾನಿಯಂಥ ಮರಳಿನ ಉಂಡೆಗಳು ಸಾವಿರಾರು ಬಿದ್ದಿದ್ದವು. ಅವನ್ನು ಮಾಡುವವರು ಯಾರು?

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ನಾಲ್ಕು ದಿನಗಳ ಯೋಜನೆಯ ಕೀಲಿಕೈ ಅದರಲ್ಲೇ ಇದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಸಮಯದಲ್ಲಿ ಸೂರ್ಯ ಮತ್ತು ಚಂದ್ರರ ಸೆಳೆತ ಒಂದೇ ನೇರದಲ್ಲಿ ಕೂಡುವುದರಿಂದ ಭರತ, ಅಂದರೆ ಕಡಲ ನೀರಿನ ಉಬ್ಬರ, ಉಳಿದ ದಿನಗಳಿಗಿಂತ ಮೇಲಕ್ಕೇರುತ್ತದೆ, ಇಳಿತ ಉಳಿದ ದಿನಗಳಿಗಿಂತ ಕೆಳಕ್ಕಿಳಿಯುತ್ತದೆ, ನಡುವಿನ ಹೊತ್ತಿನಲ್ಲಿ ನೀರಿನ ಎಳೆತವೂ ಜೋರಾಗಿರುತ್ತದೆ. ಆದ್ದರಿಂದ ಆ ದಿನ ಈಜುವ ವಿಷಯದಲ್ಲಿ ಅವರ ಎಚ್ಚರಿಕೆ ಸರಿಯಾದದ್ದೇ. ಆದರೆ ದಡದಲ್ಲಿ ನಿಂತು ನೋಡುವವರಿಗೆ ಆ ದಿನದಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ಹದಿನೈದು ದಿನ ನೀರಿನಡಿಯಲ್ಲಿ ಮುಚ್ಚಿಕೊಂಡಿದ್ದ ಬಂಡೆಗಳು ಅಂದು ಸಂಜೆ ಹೊರಗೆ ಕಾಣುತ್ತವೆ. ಇಪ್ಪತ್ತು ವರ್ಷಗಳಿಂದ ಈ ಕರಾವಳಿಯಲ್ಲಿ ಜನರನ್ನು ಕಡಲಂಚಿನ ನಡಿಗೆಗೆ ಕರೆದುಕೊಂಡು ಹೋಗುತ್ತಿರುವ ನಾನು ಕಂಡುಕೊಂಡ ಮುಖ್ಯ ಸಂಗತಿಯೆಂದರೆ, ಇಲ್ಲಿನ ದಿನಚರಿಯನ್ನು ರೆಸಾರ್ಟಿನ ಊಟ-ತಿಂಡಿಯ ವೇಳೆಗೆ ಹೊಂದಿಸದೆ ಭರತ-ಇಳಿತದ ವೇಳೆಗೆ ಹೊಂದಿಸಿಕೊಂಡವರಿಗೆ ಮಾತ್ರ ಕಡಲು ಪೂರ್ತಿಯಾಗಿ ಕಾಣಸಿಗುತ್ತದೆ. ಹಿಂದಿನ ಸಲ ನೀವು ದಡಕ್ಕೆ ಹೋದಾಗಲೆಲ್ಲ ಭರತವೇ ಇದ್ದಿರಬಹುದು. ನೋಡುವುದಕ್ಕೆ ಅಲೆ ಬಿಟ್ಟರೆ ಬೇರೇನೂ ಇಲ್ಲವೆನ್ನಿಸಿ ಈಜುಕೊಳಕ್ಕೆ ಮರಳಿರಬಹುದು.

ಲೆಕ್ಕ ಕಷ್ಟವಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನ ಗೋಕರ್ಣದ ಆಸುಪಾಸಿನಲ್ಲಿ ಬೆಳಿಗ್ಗೆ ಹತ್ತೂವರೆ-ಹನ್ನೊಂದರ ಸುಮಾರಿಗೆ ನೀರು ತುಂಬುತ್ತದೆ, ಸಂಜೆ ನಾಲ್ಕೂವರೆ-ಐದರ ಸುಮಾರಿಗೆ ತೀರ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಸುಮಾರು ಎರಡು ಮೀಟರ್. ಅಲ್ಲಿಂದ ಪ್ರತಿ ತಿಥಿಗೆ ಈ ವೇಳೆ 48 ನಿಮಿಷ, ಅಂದರೆ ಸರಿಯಾಗಿ ಎರಡು ಘಳಿಗೆ, ಮುಂದಕ್ಕೆ ಹೋಗುತ್ತದೆ. ಬಿದಿಗೆಯ ದಿನದ ಇಳಿತ ಆರೂವರೆಯ ಸುಮಾರಿಗೆ ಬರುತ್ತದೆ, ಅಮಾವಾಸ್ಯೆಗೆ ಮೂರು ದಿನ ಮುಂಚಿನ ಇಳಿತ ಮಧ್ಯಾಹ್ನ ಎರಡರ ಸುಮಾರಿಗೆ. ಮನೆಯ ಗೋಡೆಯ ಮೇಲಿರುವ ಕ್ಯಾಲೆಂಡರಿನ ತಿಥಿಯನ್ನು ನೋಡಿಯೇ ನೀವು ಅಂದಾಜು ಹಾಕಬಹುದು. ನಿಖರವಾದ ವೇಳೆಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರಕಟಿಸುವ ಭರತ-ಇಳಿತದ ಪಟ್ಟಿಯನ್ನು ನೋಡಿ. ಎತ್ತರದ ಅಲೆಗಳ ಮುನ್ನೆಚ್ಚರಿಕೆಯನ್ನು ಕೊಡುವವರೂ ಅವರೇ. ಇದರ ಜೊತೆಗೆ ಗಾಳಿಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ಜನವರಿಯ ಬೆಳಗಿನಲ್ಲಿ ಗಾಳಿ ನೆಲದ ಕಡೆಯಿಂದ ಮೆಲ್ಲನೆ ಬೀಸುವುದರಿಂದ ನೀರು ಎಣ್ಣೆಯಂತೆ ನಯವಾಗಿರುತ್ತದೆ; ಹನ್ನೊಂದರ ನಂತರ ನೆಲ ಕಾದು, ಕಡಲ ಗಾಳಿ ಏಳುತ್ತದೆ. ಕಯಾಕ್, ದೋಣಿ, ಸ್ಕೂಬಾ ಇವೆಲ್ಲ ಬೆಳಗಿನ ಕೆಲಸಗಳು.

ಅಮಾವಾಸ್ಯೆಯ ಸಂಜೆಯನ್ನು ಓಂ ಬೀಚಿಗೆ ಮೀಸಲಿಡಿ. ಎರಡು ಅರ್ಧಚಂದ್ರಾಕಾರದ ಮರಳ ತೀರಗಳು ಕೂಡುವಲ್ಲಿ ಕಡಲಿಗೆ ಚಾಚಿಕೊಂಡಿರುವ ಬಂಡೆಗಳಿವೆ. ಆ ಆಕಾರದಿಂದಲೇ ತೀರಕ್ಕೆ ಆ ಹೆಸರು. ಹೆಚ್ಚಿನವರು ಮೇಲಿನಿಂದ ಒಂದು ಚಿತ್ರ ತೆಗೆದುಕೊಂಡು ಹೋಗಿಬಿಡುತ್ತಾರೆ. ನೀವು ಇಳಿತಕ್ಕೆ ಒಂದು ಗಂಟೆ ಮೊದಲು ಅಲ್ಲಿಗೆ ತಲುಪಿ, ನೀರು ಹಿಂದೆ ಸರಿಯುತ್ತಿದ್ದಂತೆ ಬಂಡೆಯ ಕುಳಿಗಳಲ್ಲಿ ಉಳಿದ ನೀರಿನ ಮುಂದೆ ಕುಳಿತುಕೊಳ್ಳಿ. ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ. ನಿಮ್ಮ ನೆರಳು ಅಲುಗಾಡದೆ ನಿಂತ ಮೇಲೆ ಕಲ್ಲೆಂದುಕೊಂಡಿದ್ದ ಶಂಖಕ್ಕೆ ಕಾಲು ಮೂಡಿ ಅದು ನಡೆಯತೊಡಗುತ್ತದೆ. ಸತ್ತ ಬಸವನಹುಳದ ಚಿಪ್ಪನ್ನು ಮನೆಮಾಡಿಕೊಂಡ ಸನ್ಯಾಸಿ ಏಡಿ ಅದು. ಬೆರಳುದ್ದದ ಮೀನುಗಳು ಸಂದಿಯಿಂದ ಹೊರಗೆ ಇಣುಕುತ್ತವೆ. ಕಲ್ಲಿನ ಮೈಗೆ ಅಂಟಿದ ಒರಟು ಬಿಳಿಯ ಗುಳ್ಳೆಗಳು ಬಾರ್ನಕಲ್‌ಗಳು. ಏಡಿಯ ದೂರದ ಸಂಬಂಧಿಗಳಾದ ಇವು ನೀರು ಬಂದಾಗ ಬಾಗಿಲು ತೆರೆದು ಗರಿಯಂಥ ಕಾಲುಗಳಿಂದ ಆಹಾರವನ್ನು ಬಾಚಿಕೊಳ್ಳುತ್ತವೆ. ಚೂಪಾದ ಇವುಗಳ ಅಂಚಿನಿಂದ ಅಂಗಾಲು ಕೊಯ್ಯುತ್ತದೆ, ಆದ್ದರಿಂದ ಹಿಡಿತವಿರುವ ರಬ್ಬರ್ ತಳದ ಚಪ್ಪಲಿ ಬೇಕು. ಮಗಳು ಚಿಪ್ಪು ಆರಿಸುವುದಾದರೆ ಪ್ರತಿಯೊಂದನ್ನೂ ತಿರುಗಿಸಿ ನೋಡಿ, ಒಳಗೆ ವಾಸವಿದ್ದರೆ ಇದ್ದಲ್ಲೇ ಇಡಲು ಹೇಳಿ. ನೀರು ಮತ್ತೆ ಏರತೊಡಗಿದ ಕೂಡಲೇ ಬಂಡೆಯಿಂದ ಮರಳಿಗೆ ಬಂದುಬಿಡಬೇಕು, ಪಾಚಿ ಹತ್ತಿದ ಹಸಿರು ಬಂಡೆಯ ಮೇಲೆ ಕಾಲಿಡಲೇಬಾರದು. ಆ ಹೊತ್ತಿಗೆ ಆರು ಗಂಟೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಸೂರ್ಯಾಸ್ತವೂ ಆಗುತ್ತದೆ.

ಅತ್ತೆಯವರಿಗೆ ಓಂ ಬೀಚಿನ ಮೆಟ್ಟಿಲುಗಳು ಕಷ್ಟ, ಕುಡ್ಲೆ ಬೀಚಿಗೂ ಇಳಿದು ಹತ್ತಬೇಕು. ಅವರಿಗೆ ಒಪ್ಪುವುದು ಊರಿನ ದೊಡ್ಡ ಕಡಲತೀರ. ಮಹಾಬಲೇಶ್ವರನ ದರ್ಶನ ಮಾಡಿ, ಅಲ್ಲಿಂದ ಸಮತಟ್ಟಾದ ದಾರಿಯಲ್ಲೇ ಮರಳಿಗೆ ಬರಬಹುದು. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಿಗ್ಗೆ ಬೇಗ ಹೋಗಿ. ಒಳಗೆ ಹೋಗುವ ಗಂಡಸರಿಗೆ ಪಂಚೆ ಬೇಕು. ಅದೇ ತೀರದಲ್ಲಿ ಬೆಳಗಿನ ಹೊತ್ತು ಅದೃಷ್ಟವಿದ್ದರೆ ಕೈರಂಪಣಿ ಎಳೆಯುವುದನ್ನು ನೋಡಬಹುದು. ದೋಣಿಯಲ್ಲಿ ಬಲೆಯನ್ನು ಅರ್ಧವೃತ್ತವಾಗಿ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದಿಂದ ಹತ್ತಾರು ಜನ ಎಳೆದು ತರುವ ಈ ಪದ್ಧತಿ ಯಂತ್ರದ ದೋಣಿಗಳು ಬರುವುದಕ್ಕೆ ಮೊದಲು ಇಡೀ ಊರನ್ನು ದಡಕ್ಕೆ ಕರೆತರುತ್ತಿದ್ದ ದೊಡ್ಡ ರಂಪಣಿಯ ಚಿಕ್ಕ ರೂಪ. ಕೇಳಿಕೊಂಡರೆ ಹಗ್ಗಕ್ಕೆ ಕೈ ಹಾಕಲು ಬಿಡುತ್ತಾರೆ. ಮಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು, ಬಂಗಡೆ ಮತ್ತು ತಾರ್ಲಿಯ ವ್ಯತ್ಯಾಸವೂ ಅಲ್ಲೇ ತಿಳಿಯುತ್ತದೆ. ನೀವಿಬ್ಬರೂ ಮಗಳೊಂದಿಗೆ ಊರಿನಿಂದ ಕುಡ್ಲೆಗೆ, ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆಯಬಹುದು. ಅದರಾಚೆಗಿನ ಹಾಫ್ ಮೂನ್ ಮತ್ತು ಪ್ಯಾರಡೈಸ್ ತೀರಗಳಿಗೆ ದಾರಿ ಕಡಿದಾಗಿದೆ. ಹೋಗುವುದಾದರೆ ಬೆಳಿಗ್ಗೆ, ನೀರಿನ ಬಾಟಲಿಯೊಂದಿಗೆ ಹೊರಟು ಕತ್ತಲಾಗುವುದಕ್ಕೆ ಬಹಳ ಮೊದಲೇ ಹಿಂತಿರುಗಿ.

ನಾಲ್ಕು ದಿನಗಳಲ್ಲಿ ಒಂದೇ ಒಂದು ಜಾಗವನ್ನು ಆರಿಸಿಕೊಳ್ಳಿ ಎಂದರೆ ನಾನು ತೋರಿಸುವುದು ಅಘನಾಶಿನಿಯ ಅಳಿವೆಯನ್ನು. ಗೋಕರ್ಣದಿಂದ ಅಷ್ಟು ಹತ್ತಿರವಿದ್ದರೂ ರೆಸಾರ್ಟಿಗೆ ಬಂದವರು ಅದನ್ನು ನೋಡದೆಯೇ ಹಿಂತಿರುಗುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದಾರಿಯಲ್ಲಿ ಎಲ್ಲಿಯೂ ಅಣೆಕಟ್ಟನ್ನು ಕಾಣದೆ ತದಡಿಯ ಬಳಿ ಕಡಲು ಸೇರುವ ನದಿ ಇದು. ಈ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗುಭೂಮಿಯ ಮಾನ್ಯತೆ ಸಿಕ್ಕಿದೆ. ಇಳಿತದ ಹೊತ್ತಿಗೆ ತದಡಿಯಿಂದ ಅಘನಾಶಿನಿ ಊರಿಗೆ ಜನರನ್ನು ದಾಟಿಸುವ ದೋಣಿಯಲ್ಲಿ ಒಮ್ಮೆ ಹೋಗಿ ಬನ್ನಿ. ಹೊಳೆಯ ನಡುವಿನ ಮರಳದಿಬ್ಬಗಳು ಮೇಲೆದ್ದಿರುತ್ತವೆ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಜೀವಿಗಳನ್ನು ಆರಿಸುವವರು ಕಾಣುತ್ತಾರೆ. ಕಣ್ಣಿಗೆ ಕಾಣದ ಆ ಚಿಪ್ಪುಗಳನ್ನು ಅವರು ಅಂಗಾಲಿನಿಂದ ತಡವಿ ಗುರುತಿಸುತ್ತಾರೆ. ನೀರೊಳಗೆ ಬಗ್ಗಿ, ಕೆಸರಿನ ಸಮೇತ ಬೊಗಸೆಯಲ್ಲಿ ಮೇಲೆತ್ತಿ, ಅಲ್ಲೇ ಜಾಲಿಸಿ, ಪಕ್ಕದಲ್ಲಿ ತೇಲುತ್ತಿರುವ ಬುಟ್ಟಿಗೆ ಹಾಕುತ್ತಾರೆ. ಚಿಪ್ಪಿಗೆ ಚಿಪ್ಪು ತಾಗಿದ ಟಿಕ್ ಸದ್ದು ದೋಣಿಯವರೆಗೂ ಕೇಳಿಸುತ್ತದೆ. ಭರತ ಬಂದರೆ ಕೆಲಸ ನಿಂತಿತು. ಇಲ್ಲಿ ಬದುಕುವವರ ದುಡಿಮೆಯ ವೇಳೆಯನ್ನು ಇವತ್ತಿಗೂ ಚಂದ್ರನೇ ಗೊತ್ತುಮಾಡುತ್ತಾನೆ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಅವರ ಚಿತ್ರ ತೆಗೆಯುವ ಮೊದಲು ದಯವಿಟ್ಟು ಕೇಳಿ.

ಅದೇ ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಎಂಬ ಭತ್ತವಿದೆ. ಮಳೆಗಾಲದ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆದಾಗ ಬೆಳೆದು, ಕೊಯ್ಲಿನ ನಂತರ ಅದೇ ಗದ್ದೆ ಸೀಗಡಿ-ಮೀನುಗಳಿಗೆ ಬಿಟ್ಟುಕೊಡುವ ಜಾಗವಾಗುತ್ತದೆ. ಜನವರಿಯಲ್ಲಿ ಭತ್ತ ಇರುವುದಿಲ್ಲ, ಆದರೆ ನೀರು ತುಂಬಿದ ಗಜನಿಯಲ್ಲಿಯೂ ಸಾಣಿಕಟ್ಟಾದ ಉಪ್ಪಿನ ಗದ್ದೆಗಳಲ್ಲಿಯೂ ವಲಸೆ ಬಂದ ಹಕ್ಕಿಗಳು ಇರುತ್ತವೆ. ಸಾಣಿಕಟ್ಟಾ ಗೋಕರ್ಣಕ್ಕೆ ಹೋಗಿ ಬರುವ ದಾರಿಯಲ್ಲೇ ಸಿಗುತ್ತದೆ, ಕಾರಿನಿಂದ ಇಳಿಯದೆಯೇ ಅತ್ತೆಯವರು ನೋಡಬಹುದು. ಮಿರ್ಜಾನ್ ಕೋಟೆಯೂ ಇದೇ ನದಿಯ ದಂಡೆಯ ಮೇಲಿದೆ. ಯುರೋಪಿಗೆ ಕರಿಮೆಣಸು ಮಾರುತ್ತಿದ್ದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಚಿರೆಕಲ್ಲಿನ ಕೋಟೆಯ ಬುರುಜಿನ ಮೇಲೆ ನಿಂತರೆ, ಇಷ್ಟು ಒಳನಾಡಿನಲ್ಲಿ ಬಂದರು ಏಕೆ ಇತ್ತೆಂಬ ಪ್ರಶ್ನೆಗೆ ಅಳಿವೆಯನ್ನು ನೋಡಿ ಬಂದವರಿಗೆ ಉತ್ತರ ತಾನಾಗಿ ಹೊಳೆಯುತ್ತದೆ: ಭರತದ ನೀರಿನೊಂದಿಗೆ ದೋಣಿಗಳು ಒಳಗೆ ಬಂದು, ಇಳಿತದೊಂದಿಗೆ ಹೊರಗೆ ಹೋಗುತ್ತಿದ್ದವು.

ಇನ್ನು ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆಯ ಪ್ರಯಾಣ. ದ್ವೀಪದ ಮೇಲೆ ಇಳಿಯುವಂತಿಲ್ಲ, ಅದರ ಸುತ್ತಲಿನ ನೀರಿನಲ್ಲಿ ಮುಳುಗುವುದಷ್ಟೆ. ಮೊದಲ ಬಾರಿ ಮುಳುಗುವವರನ್ನು ತರಬೇತುದಾರರು ಕೈಹಿಡಿದೇ ಕರೆದೊಯ್ಯುತ್ತಾರೆ, 12 ಮೀಟರಿಗಿಂತ ಆಳಕ್ಕೆ ಇಳಿಸುವುದಿಲ್ಲ. ಸಾಮಾನ್ಯವಾಗಿ ಪಾಲಿಸುವ ಕನಿಷ್ಠ ವಯಸ್ಸು 10. ಆದ್ದರಿಂದ ವಯಸ್ಸಿನ ದೃಷ್ಟಿಯಿಂದ ಮಗಳಿಗೆ ಅಡ್ಡಿಯಿಲ್ಲ. ಆದರೆ ಅಂದು ಅವಳಿಗೆ ನೆಗಡಿಯಾಗಿದ್ದರೆ, ಕಿವಿ ಕಟ್ಟಿದ್ದರೆ ಕಳುಹಿಸಬೇಡಿ. ಆಳಕ್ಕೆ ಇಳಿದಂತೆ ಹೆಚ್ಚುವ ಒತ್ತಡವನ್ನು ಮೂಗು ಹಿಡಿದು ಊದಿ ಸರಿದೂಗಿಸಲಾಗದಿದ್ದರೆ ಕಿವಿಯ ತಮಟೆಗೆ ಪೆಟ್ಟಾಗುತ್ತದೆ. ಮಗುವಿಗೆ ಅಥವಾ ನಿಮಗೆ ಅಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇದ್ದರೆ ವೈದ್ಯರ ಒಪ್ಪಿಗೆಯಿಲ್ಲದೆ ನೀರಿಗಿಳಿಯಬಾರದು. ಮನೆಯಲ್ಲೇ ಮೂಗು ಹಿಡಿದು ಮೆಲ್ಲನೆ ಊದಿ ಕಿವಿ ಬಿಡಿಸಿಕೊಳ್ಳುವುದನ್ನು ಅವಳು ಅಭ್ಯಾಸ ಮಾಡಲಿ. ಕೊನೆಯ ಕ್ಷಣದಲ್ಲಿ ಅವಳು ಬೇಡವೆಂದರೆ ಒತ್ತಾಯಿಸಬೇಡಿ, ಲೈಫ್ ಜಾಕೆಟ್ ಧರಿಸಿ ನೀರಿನ ಮೇಲ್ಮೈಯಲ್ಲಿ ತೇಲುತ್ತಾ ಸ್ನಾರ್ಕೆಲ್ ಮಾಡಿದರೂ ಹವಳದ ಬಂಡೆಗಳು, ಗಿಳಿಮೀನು, ಚಿಟ್ಟೆಮೀನುಗಳು ಕಾಣುತ್ತವೆ. ಹವಳವನ್ನು ಮುಟ್ಟುವುದು, ಅದರ ಮೇಲೆ ನಿಲ್ಲುವುದು, ಮೀನಿಗೆ ತಿಂಡಿ ಹಾಕುವುದು ಬೇಡ. ದ್ವೀಪದ ಬಂಡೆಗಳ ಮೇಲೆ ಹಾರಾಡುವ ಬಿಳಿಹೊಟ್ಟೆಯ ಕಡಲಹದ್ದನ್ನು ನೋಡಲು ದೋಣಿಯಲ್ಲಿ ಉಳಿದವರಿಗೂ ಅವಕಾಶವಿದೆ.

ದಿನವನ್ನು ಆರಿಸುವಾಗ ಎರಡು ಸಂಗತಿ ನೆನಪಿರಲಿ. ಅಮಾವಾಸ್ಯೆಯ ದಿನ ನೀರಿನ ಸೆಳೆತ ಹೆಚ್ಚಿ ಕೆಸರೂ ಏಳುವುದರಿಂದ, ನಿಮ್ಮ ವಾಸದಲ್ಲಿ ಅದರಿಂದ ಆದಷ್ಟು ದೂರವಿರುವ ದಿನವನ್ನು ನೇತ್ರಾಣಿಗೆ ಇಟ್ಟುಕೊಳ್ಳಿ. ಎರಡನೆಯದನ್ನು ಹೇಳುವವರು ಕಡಿಮೆ: ಮುಳುಗಿ ಬಂದ ದಿನವೇ ಘಟ್ಟ ಹತ್ತಬೇಡಿ. ಆಳದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ ಮೆಲ್ಲನೆ ಹೊರಹೋಗಬೇಕು. ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಬೇಗನೆ ಏರಿದರೆ ಅದು ಗುಳ್ಳೆಗಟ್ಟುವ ಅಪಾಯವಿದೆ. ಒಮ್ಮೆ ಮುಳುಗಿದವರು ವಿಮಾನ ಹತ್ತುವ ಮೊದಲು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ಕಾಯಬೇಕೆಂಬ ನಿಯಮವನ್ನು ನೀವು ಶಿರಸಿಯ ದಾರಿಯ ದೇವಿಮನೆ ಘಟ್ಟಕ್ಕೂ ಅನ್ವಯಿಸಿಕೊಳ್ಳುವುದು ಕ್ಷೇಮ. ಹೀಗಾಗಿ ಹೊರಡುವ ದಿನ ನೇತ್ರಾಣಿ ಬೇಡ. ದೋಣಿಯಲ್ಲಿ ವಾಂತಿಯಾಗುವವರು ಹೊರಡುವ ಮುಕ್ಕಾಲು ಗಂಟೆ ಮೊದಲು ವೈದ್ಯರು ಹೇಳಿದ ಮಾತ್ರೆ ತೆಗೆದುಕೊಂಡು, ಇಡ್ಲಿಯಂಥ ಹಗುರ ತಿಂಡಿ ತಿಂದು, ದಿಗಂತದ ಮೇಲೆ ಕಣ್ಣಿಟ್ಟು ಕುಳಿತುಕೊಳ್ಳಲಿ. ಒಂದು ವರ್ಷ ನಾನು ಕರೆದೊಯ್ದ ತಂಡಕ್ಕೆ ಗೊತ್ತುಮಾಡಿದ್ದ ದೋಣಿಯಲ್ಲಿ ಹನ್ನೆರಡು ಜನಕ್ಕೆ ಏಳೇ ಲೈಫ್ ಜಾಕೆಟ್‌ಗಳಿದ್ದವು. ಎಷ್ಟು ಬೇಡಿಕೊಂಡರೂ ಹತ್ತಲಿಲ್ಲ, ಮುಂಗಡ ಹಣ ಹೋಯಿತು, ಮಕ್ಕಳು ಅತ್ತರು. ಇಂದಿಗೂ ಆ ತೀರ್ಮಾನ ಸರಿಯೆಂದೇ ನಂಬಿದ್ದೇನೆ. ನೀವೂ ಎಣಿಸಿಯೇ ಹತ್ತಿ.

ನೀವು ನೇತ್ರಾಣಿಗೆ ಹೋಗುವ ದಿನ ಅತ್ತೆಯವರು ಮುರುಡೇಶ್ವರದಲ್ಲಿಯೇ ಇರಬಹುದು. 123 ಅಡಿ ಎತ್ತರದ ಶಿವನ ಮೂರ್ತಿ, 20 ಅಂತಸ್ತಿನ ರಾಜಗೋಪುರ ಎಲ್ಲರಿಗೂ ತಿಳಿದವೇ. ಗೋಪುರದೊಳಗೆ ಲಿಫ್ಟ್ ಇರುವುದರಿಂದ ಮೊಣಕಾಲಿಗೆ ತೊಂದರೆಯಾಗದು. ಹಿಂತಿರುಗುವಾಗ ಹೊನ್ನಾವರದಲ್ಲಿ ಎರಡು ಗಂಟೆ ನಿಲ್ಲಿ. ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಾಕಿರುವ ಹಲಗೆಯ ದಾರಿ ಸಮತಟ್ಟಾಗಿದೆ, ಅತ್ತೆಯವರೂ ನಿಧಾನವಾಗಿ ನಡೆಯಬಹುದು. ಇಳಿತದಲ್ಲಿ ಹೋದರೆ ಕೆಸರಿನಿಂದ ಪೆನ್ಸಿಲಿನಂತೆ ಮೇಲೆದ್ದ ಉಸಿರಾಟದ ಬೇರುಗಳು, ಗಿಡದಲ್ಲಿರುವಾಗಲೇ ಮೊಳೆತು ನೇತಾಡುವ ಕೋಲಿನಂಥ ಸಸಿಗಳು ಸ್ಪಷ್ಟವಾಗಿ ಕಾಣುತ್ತವೆ. ಹತ್ತಿರದ ಕಾಸರಕೋಡು ತೀರ 2020ರಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆಯಿತು. ಸ್ವಚ್ಛ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇರುವುದರಿಂದ ಕುಟುಂಬದೊಂದಿಗೆ ನೀರಿಗಿಳಿಯುವುದಾದರೆ ನಾನು ಹೇಳುವುದು ಇದನ್ನೇ. ಅಲ್ಲಿನ ಟೊಂಕ ಎಂಬ ಜಾಗದ ಮರಳಿನಲ್ಲಿ ಈ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುವ ಗೂಡುಗಳನ್ನು ದೂರದಿಂದ ನೋಡಿ. ರಾತ್ರಿ ಅಲ್ಲಿ ಟಾರ್ಚ್ ಹಾಕಿದರೆ ಆಮೆ ಮೊಟ್ಟೆಯಿಡದೆಯೇ ಹಿಂತಿರುಗಬಹುದು. ಯಾಣಕ್ಕೆ ಮೆಟ್ಟಿಲು ಹೆಚ್ಚು, ಇಡೀ ದಿನ ಬೇಕು; ಈ ಸಲ ಬಿಟ್ಟುಬಿಡಿ. ಅದರ ಬದಲು ಹೊನ್ನಾವರ-ಕುಮಟಾದ ಕಡೆ ಎಲ್ಲಾದರೂ ಯಕ್ಷಗಾನವಿದೆಯೇ ವಿಚಾರಿಸಿ, ಜನವರಿ ಆಟದ ಕಾಲ. ಗುಣವಂತೆಯ ಕೆರೆಮನೆಯವರ ಇಡಗುಂಜಿ ಮೇಳ 1934ರಿಂದ ನಡೆದು ಬಂದದ್ದು. ಈ ಕಡೆಯ ಶೈಲಿಯಾದ ಬಡಗುತಿಟ್ಟಿನ ಒಂದು ಪ್ರಸಂಗವನ್ನು ಅದರ ನೆಲದಲ್ಲೇ ನೋಡುವುದು ರೆಸಾರ್ಟಿನ ಸಂಜೆಯ ಮನರಂಜನೆಗಿಂತ ಎಷ್ಟೋ ಮೇಲು.

ನೀರಿಗಿಳಿಯುವ ಬಗ್ಗೆ ನೇರವಾಗಿ ಹೇಳುತ್ತೇನೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಮಳೆಗಾಲದಲ್ಲಿ ಮಾತ್ರ ಕಡಲು ಅಪಾಯಕಾರಿಯೆಂಬ ನಂಬಿಕೆ ತಪ್ಪು. ದಡಕ್ಕೆ ಬಂದ ನೀರು ಹಿಂತಿರುಗಲು ಒಂದು ಕಿರಿದಾದ ದಾರಿಯನ್ನು ಮಾಡಿಕೊಳ್ಳುತ್ತದೆ. ಎರಡೂ ಬದಿಯಲ್ಲಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಡುಬಣ್ಣದಲ್ಲಿ ಕಂಡರೆ ಅದೇ ಆ ಸೆಳೆತ. ಈಜಲು ಬಾರದವರು ಅಲೆ ಕಡಿಮೆಯಿದೆಯೆಂದು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡದೆ, ಕೈಯೆತ್ತಿ ಕೂಗಿ, ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಜೀವರಕ್ಷಕರಿಲ್ಲದ ಕಡೆ ಮೊಣಕಾಲಿಗಿಂತ ಆಳಕ್ಕೆ ಮಗುವನ್ನು ಬಿಡಬೇಡಿ. ಲೋಳೆಮೀನು ತಾಗಿದರೆ ಉಜ್ಜದೆ ಸಮುದ್ರದ ನೀರಿನಿಂದಲೇ ತೊಳೆದು, ಚರ್ಮ ಸಹಿಸುವಷ್ಟು ಬಿಸಿನೀರಿನಲ್ಲಿ ಆ ಭಾಗವನ್ನು ಇಟ್ಟು, ನೋವು ತಗ್ಗದಿದ್ದರೆ ಆಸ್ಪತ್ರೆಗೆ ಹೋಗಿ.

ಅಮಾವಾಸ್ಯೆಯ ರಾತ್ರಿ ಊಟವಾದ ಮೇಲೆ ದೀಪಗಳಿಂದ ದೂರ, ಆದರೆ ರೆಸಾರ್ಟಿನ ಎದುರಿನ ಮರಳಿನಲ್ಲೇ ಹತ್ತು ನಿಮಿಷ ಕುಳಿತಿರಿ. ಕೆಲವು ವರ್ಷ ಈ ಕರಾವಳಿಯಲ್ಲಿ ನಾಕ್ಟಿಲೂಕಾ ಎಂಬ ಸೂಕ್ಷ್ಮಜೀವಿಗಳು ಹೆಚ್ಚಿ, ಒಡೆಯುವ ಅಲೆಯ ಅಂಚು ನೀಲಿಯಾಗಿ ಮಿನುಗುತ್ತದೆ. ಕಂಡೇ ಕಾಣುತ್ತದೆ ಎಂದು ಮಾತು ಕೊಡಲಾರೆ. ಕಾಣುವುದಾದರೆ ಚಂದ್ರನಿಲ್ಲದ ಅಂಥ ರಾತ್ರಿಯಲ್ಲೇ ಚೆನ್ನಾಗಿ ಕಾಣುತ್ತದೆ.

ಮಗಳ ಪ್ರಶ್ನೆಗೆ ಉತ್ತರ: ಆ ಉಂಡೆಗಳನ್ನು ಮಾಡುವುದು ಬಟಾಣಿ ಕಾಳಿನಷ್ಟು ಚಿಕ್ಕ ಏಡಿ. ಇಳಿತವಾದ ಕೂಡಲೇ ಅದು ಬಿಲದಿಂದ ಹೊರಬಂದು, ಒದ್ದೆ ಮರಳನ್ನು ಚಿಮಟದಂಥ ಕೈಗಳಿಂದ ಬಾಯಿಗೆ ತುಂಬಿಕೊಂಡು, ಕಣಗಳಿಗೆ ಅಂಟಿದ ಆಹಾರವನ್ನಷ್ಟೇ ಸೋಸಿ ತಿಂದು, ಉಳಿದ ಮರಳನ್ನು ಉಂಡೆಮಾಡಿ ಹಿಂದಕ್ಕೆ ತಳ್ಳುತ್ತದೆ. ಒಮ್ಮೆ ಸೋಸಿದ ಮರಳನ್ನು ಮತ್ತೆ ಸೋಸುವ ಶ್ರಮ ಉಂಡೆಯಿಂದಾಗಿ ತಪ್ಪುತ್ತದೆ. ಬಿಲದಿಂದ ಒಂದು ಗೆರೆಯಲ್ಲಿ ಹೊರಟು, ಹಿಂತಿರುಗಿ, ಮತ್ತೊಂದು ಗೆರೆಯಲ್ಲಿ ಹೊರಡುವುದರಿಂದ ಬಿಲದ ಸುತ್ತ ರಂಗೋಲಿಯ ಎಸಳುಗಳಂತೆ ಸಾಲುಗಳು ಮೂಡುತ್ತವೆ. ಹೆಜ್ಜೆಯ ಅದುರು ತಿಳಿದರೆ ಕ್ಷಣದಲ್ಲಿ ಒಳಗೆ ಮಾಯವಾಗುತ್ತದೆ. ಅವಳು ಒಂದು ಮಾರು ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅಲುಗಾಡದೆ ನೂರು ಎಣಿಸಲಿ, ಅಷ್ಟರಲ್ಲಿ ಮೊದಲನೆಯದು ಹೊರಗೆ ಬರುತ್ತದೆ. ಇಳಿತದ ನಂತರ ಒಂದು ಗಂಟೆಯ ಹೊತ್ತಿಗೆ ಉಂಡೆಗಳು ಹೆಚ್ಚಿರುತ್ತವೆ. ಮುಂದಿನ ಭರತದ ಮೊದಲ ಅಲೆ ಅಷ್ಟನ್ನೂ ಕರಗಿಸಿಬಿಡುತ್ತದೆ, ಆದ್ದರಿಂದ ಚಿತ್ರ ಬಿಡಿಸಿಕೊಳ್ಳುವುದಾದರೆ ಪುಸ್ತಕ-ಪೆನ್ಸಿಲನ್ನು ಜೊತೆಗೇ ಒಯ್ಯಲಿ.